ಮನೆಗೆ ಹೈಬ್ರಿಡ್ ಸೋಲಾರ್: ಕೊಳ್ಳುವ ಮೊದಲು ಕತ್ತಲೆಯ ಗಂಟೆಗಳನ್ನು ಎಣಿಸಿ

(ಸಂಸ್ಥೆಯ ವಾರ್ಷಿಕೋತ್ಸವದ ಅಂಗವಾಗಿ ಕಲಬುರಗಿಯಲ್ಲಿ ನಡೆದ ಪಾಲಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



 

ಉರ್ದು ಮತ್ತು ಕನ್ನಡ ಪಾಠ ಹೇಳುವ ಶಿಕ್ಷಕಿಗೆ ಸೋಲಾರ್ ಕುರಿತು ಮಾತನಾಡುವ ಕೆಲಸ ಏಕೆ ಬಂತು ಎಂದು ಕೆಲವರಿಗೆ ಅನ್ನಿಸಿರಬಹುದು. ಕಾರಣ ಇಷ್ಟೇ. ಎರಡು ವರ್ಷಗಳಿಂದ ಪಾಲಕರು ಮಕ್ಕಳ ಅಂಕಪಟ್ಟಿ, ವಿದ್ಯಾರ್ಥಿವೇತನದ ಅರ್ಜಿಗಳ ಜೊತೆಗೆ ಇನ್ನೊಂದು ಕಾಗದವನ್ನೂ ಶಾಲೆಗೆ ತರತೊಡಗಿದ್ದಾರೆ. ಅದು ಸೋಲಾರ್ ಅಂಗಡಿಯವರು ಕೊಟ್ಟ ಕೊಟೇಶನ್. "ಆಪಾ, ಇದ್ರಾಗ ಏನು ಬರ್ದಾರ, ಸ್ವಲ್ಪ ಓದಿ ಹೇಳ್ರಿ" ಎನ್ನುತ್ತಾರೆ. ನಾಲ್ಕು ಪುಟ ಇಂಗ್ಲಿಷ್, ಕೊನೆಯಲ್ಲಿ ಒಂದು ದೊಡ್ಡ ಮೊತ್ತ. ಸೌರಶಕ್ತಿ ಎಂಬ ಕನ್ನಡ ಪದವೂ ಅಲ್ಲಿಲ್ಲ, ಶಂಸಿ ತವಾನಾಯಿ ಎಂಬ ಉರ್ದು ಪದವೂ ಇಲ್ಲ. ಓದಿ ಹೇಳಬೇಕಾದರೆ ಮೊದಲು ನಾನು ಕಲಿಯಬೇಕಾಯಿತು. ನಮ್ಮ ವಿಜ್ಞಾನ ಶಿಕ್ಷಕರನ್ನು ಕೇಳಿದೆ, ವೈರಿಂಗ್ ಮಾಡುವವರನ್ನು ಕೇಳಿದೆ, ಸಿಕ್ಕ ಪುಸ್ತಿಕೆಗಳನ್ನು ಓದಿದೆ. ಹಾಗೆ ಕೂಡಿಸಿಕೊಂಡ ತಿಳಿವಳಿಕೆಯನ್ನು ಇಂದು ತಮ್ಮ ಮುಂದೆ ಇಡುತ್ತಿದ್ದೇನೆ.

ಆ ಕೊಟೇಶನ್‌ಗಳಲ್ಲಿ ಈಚೆಗೆ ಹೆಚ್ಚಾಗಿ ಕಾಣುವ ಮಾತು ಹೈಬ್ರಿಡ್. ನಮ್ಮ ಭಾಗದವರಿಗೆ ಈ ಪದ ಹೊಸದಲ್ಲ. ಹೈಬ್ರಿಡ್ ಜೋಳವನ್ನು ನಾವು ಎಷ್ಟೋ ವರ್ಷಗಳಿಂದ ಬಲ್ಲೆವು. ಎರಡು ತಳಿ ಕೂಡಿಸಿದ್ದು, ಇಳುವರಿ ಹೆಚ್ಚು. ಆದರೆ ಮಾಲದಂಡಿ ಜೋಳದ ರೊಟ್ಟಿ ತಿಂದವರಿಗೆ ಅದರ ರುಚಿ ಹಿಡಿಸಲಿಲ್ಲ ಎನ್ನುವುದು ಬೇರೆ ಮಾತು. ಸೋಲಾರ್‌ನಲ್ಲಿಯೂ ಹೈಬ್ರಿಡ್ ಎಂದರೆ ಎರಡು ತಳಿಗಳ ಕೂಡುವಿಕೆಯೇ. ಆ ಎರಡು ತಳಿಗಳನ್ನು ತಿಳಿಯದೆ ಮೂರನೆಯದು ಅರ್ಥವಾಗದು.

ಮೊದಲನೆಯದು ಆನ್‌ಗ್ರಿಡ್. ಮಾಳಿಗೆಯ ಮೇಲಿನ ಪ್ಯಾನೆಲ್‌ಗಳಲ್ಲಿ ಹುಟ್ಟಿದ ಕರೆಂಟು ಒಂದು ಇನ್ವರ್ಟರ್ ಮೂಲಕ ಮನೆಗೆ ಬರುತ್ತದೆ. ಮನೆಯಲ್ಲಿ ಖರ್ಚಾಗಿ ಉಳಿದದ್ದು ಮೀಟರ್ ದಾಟಿ ಜೆಸ್ಕಾಂ ಲೈನಿಗೆ ಹೋಗುತ್ತದೆ. ರಾತ್ರಿ ಲೈನಿನಿಂದ ನಾವು ತೆಗೆದುಕೊಳ್ಳುತ್ತೇವೆ. ತಿಂಗಳ ಕೊನೆಗೆ ಕೊಟ್ಟದ್ದು, ತಂದದ್ದು ಎರಡನ್ನೂ ಕಳೆದು ಬಿಲ್ಲು ಮಾಡುತ್ತಾರೆ. ಇದಕ್ಕೆ ನೆಟ್ ಮೀಟರಿಂಗ್ ಎನ್ನುತ್ತಾರೆ. ಇಲ್ಲಿ ಬ್ಯಾಟರಿ ಇಲ್ಲ. ಎರಡನೆಯದು ಆಫ್‌ಗ್ರಿಡ್. ಪ್ಯಾನೆಲ್ಲಿನ ಕರೆಂಟು ಬ್ಯಾಟರಿಗೆ ತುಂಬಿ, ಬ್ಯಾಟರಿಯಿಂದ ಮನೆಗೆ. ಹೊಲದ ಮನೆ, ತಾಂಡಾ, ಲೈನು ಮುಟ್ಟದ ಜಾಗಗಳಿಗೆ ಇದು ಸರಿ. ಹೈಬ್ರಿಡ್ ಇವೆರಡರ ಕೂಡಿಕೆ. ಲೈನಿಗೆ ಕೊಡುವುದೂ ಉಂಟು, ಬ್ಯಾಟರಿಯಲ್ಲಿ ಇಡುವುದೂ ಉಂಟು.

ಇಲ್ಲಿ ಒಂದು ಸಂಗತಿಯನ್ನು ಬಹಳ ಜನ ಹಣ ಕೊಟ್ಟ ಮೇಲೆಯೇ ತಿಳಿಯುತ್ತಾರೆ. ಆನ್‌ಗ್ರಿಡ್ ಸೋಲಾರ್ ಇದ್ದ ಮನೆಯಲ್ಲಿ ಲೈನು ಹೋದರೆ ಸೋಲಾರ್ ಕೂಡ ನಿಲ್ಲುತ್ತದೆ. ಉರಿಬಿಸಿಲಿನ ಮಧ್ಯಾಹ್ನ ಮಾಳಿಗೆ ತುಂಬ ಪ್ಯಾನೆಲ್ ಇದ್ದರೂ ಒಳಗೆ ಒಂದು ಬಲ್ಬು ಉರಿಯದು. ನನಗೆ ತಿಳಿದ ಒಂದು ಮನೆಯಲ್ಲಿ 3 ಕಿಲೋವ್ಯಾಟ್ ಹಾಕಿಸಿದ ಎರಡನೆಯ ವಾರ ಹೀಗಾಯಿತು. ಮಗಳ ಎಸ್.ಎಸ್.ಎಲ್.ಸಿ. ಪರೀಕ್ಷೆಯ ದಿನಗಳು. ಯಂತ್ರ ಕೆಟ್ಟಿದೆ ಎಂದು ತಿಳಿದು ಅಂಗಡಿಯವನೊಡನೆ ಜಗಳವಾಡಿದರು. ಯಂತ್ರ ಕೆಟ್ಟಿರಲಿಲ್ಲ, ಅದನ್ನು ಮಾಡಿರುವುದೇ ಹಾಗೆ. ಲೈನು ಬಂದ್ ಮಾಡಿ ಕಂಬ ಹತ್ತಿದ ಲೈನ್‌ಮನ್ ತಂತಿ ಮುಟ್ಟಿದಾಗ ನಮ್ಮ ಮಾಳಿಗೆಯ ಕರೆಂಟು ಆ ತಂತಿಯಲ್ಲಿ ಹರಿಯುತ್ತಿದ್ದರೆ ಅವನ ಪ್ರಾಣ ಹೋಗುತ್ತದೆ. ಆದ್ದರಿಂದ ಲೈನು ಸತ್ತ ಕೂಡಲೆ ಇನ್ವರ್ಟರ್ ತಾನಾಗಿಯೇ ಕಡಿದುಕೊಳ್ಳಬೇಕೆಂಬ ನಿಯಮವಿದೆ. ಮಾರುವವನು ಇದನ್ನು ಮೊದಲೇ ಹೇಳಬೇಕಿತ್ತು, ಹೇಳಿರಲಿಲ್ಲ.

ಹೈಬ್ರಿಡ್ ಇನ್ವರ್ಟರ್ ಕೂಡ ಲೈನಿನಿಂದ ಕಡಿದುಕೊಳ್ಳುತ್ತದೆ. ಆದರೆ ಮನೆಯೊಳಗಿನ ಒಂದು ಬೇರೆ ದಾರಿಗೆ ಬ್ಯಾಟರಿಯಿಂದಲೂ ಪ್ಯಾನೆಲ್ಲಿನಿಂದಲೂ ಕರೆಂಟು ಕೊಡುತ್ತಲೇ ಇರುತ್ತದೆ. ಹಗಲಿನಲ್ಲಿ ಲೈನು ಹೋದರೆ ಬಿಸಿಲೇ ಮನೆಯನ್ನು ನಡೆಸುತ್ತದೆ, ಬ್ಯಾಟರಿ ಹಾಗೆಯೇ ಉಳಿಯುತ್ತದೆ. ಹೈಬ್ರಿಡ್‌ನ ನಿಜವಾದ ಗುಣ ಇದು.

ಹೆಸರಿನ ಗೊಂದಲ ಇನ್ನೊಂದಿದೆ. ಲೈನಿನಿಂದಲೂ ಬಿಸಿಲಿನಿಂದಲೂ ಬ್ಯಾಟರಿ ಚಾರ್ಜ್ ಮಾಡುವ ಸಾಧಾರಣ ಸೋಲಾರ್ ಇನ್ವರ್ಟರ್‌ಗಳನ್ನೂ ಮಾರುಕಟ್ಟೆಯಲ್ಲಿ ಹೈಬ್ರಿಡ್ ಎಂದೇ ಮಾರುತ್ತಾರೆ. ಅವು ಲೈನಿನಿಂದ ತೆಗೆದುಕೊಳ್ಳುತ್ತವೆಯೇ ಹೊರತು ಲೈನಿಗೆ ಒಂದು ಯೂನಿಟ್ಟನ್ನೂ ಕೊಡುವುದಿಲ್ಲ. ಅಂಥದಕ್ಕೆ ನೆಟ್ ಮೀಟರ್ ಸಿಗುವುದಿಲ್ಲ, ಸರಕಾರದ ಸಹಾಯಧನವೂ ಸಿಗುವುದಿಲ್ಲ. ಬ್ಯಾಟರಿ ತುಂಬಿ, ಮನೆಯ ಬಳಕೆಯೂ ಮುಗಿದ ಮೇಲೆ ಬರುವ ಬಿಸಿಲೆಲ್ಲ ವ್ಯರ್ಥ. ಆದ್ದರಿಂದ ಅಂಗಡಿಗೆ ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ. "ಉಳಿದ ಕರೆಂಟನ್ನು ಇದು ಲೈನಿಗೆ ಕಳಿಸುತ್ತದೆಯೇ?" ಎಂದು ಕೇಳಿ. ಉತ್ತರವನ್ನು ಕೊಟೇಶನ್ ಮೇಲೆ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಇನ್ನು ಹಣದ ಲೆಕ್ಕ. ವಿದ್ಯಾರ್ಥಿಗಳು ದಯವಿಟ್ಟು ಪೆನ್ನು ತೆಗೆಯಿರಿ, ಇದು ಏಳನೆಯ ತರಗತಿಯ ಗಣಿತಕ್ಕಿಂತ ಕಷ್ಟದ್ದಲ್ಲ.

ಬ್ಯಾಟರಿ ಇದ್ದರೆ ಬಿಲ್ಲು ಇನ್ನೂ ಕಡಿಮೆಯಾಗುತ್ತದೆ ಎಂದು ಮಾರುವವರು ಹೇಳುತ್ತಾರೆ. ನೋಡೋಣ. ಮನೆಗೆ ಬರುವ ಸಾಧಾರಣ ಲಿಥಿಯಂ ಬ್ಯಾಟರಿಯ ಮೇಲೆ 51.2 ವೋಲ್ಟ್, 100 ಆಂಪಿಯರ್ ಅವರ್ ಎಂದು ಬರೆದಿರುತ್ತದೆ. ಗುಣಿಸಿದರೆ 5,120 ವ್ಯಾಟ್ ಅವರ್, ಅಂದರೆ 5 ಯೂನಿಟ್. ಪೂರ್ತಿ ಬರಿದು ಮಾಡಬಾರದಾದ್ದರಿಂದ ಕೈಗೆ ಸಿಗುವುದು 4 ಯೂನಿಟ್ ಎನ್ನೋಣ. ಲೆಕ್ಕಕ್ಕಾಗಿ ಅದರ ಬೆಲೆ 1 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ; ದಿನಕ್ಕೊಮ್ಮೆ ತುಂಬಿ ಖಾಲಿ ಮಾಡುತ್ತ 4,000 ಸಲ ಬಳಸಿದಿರಿ ಎಂದಿಟ್ಟುಕೊಳ್ಳಿ. ಅದು ಸುಮಾರು 11 ವರ್ಷ. ಒಟ್ಟು 16,000 ಯೂನಿಟ್. ಒಂದು ಲಕ್ಷವನ್ನು ಭಾಗಿಸಿ. ಯೂನಿಟ್ಟಿಗೆ 6 ರೂಪಾಯಿ 25 ಪೈಸೆ. ಇದು ಕರೆಂಟಿನ ಬೆಲೆಯಲ್ಲ, ಕರೆಂಟನ್ನು ಇಟ್ಟುಕೊಳ್ಳುವ ಡಬ್ಬಿಯ ಬಾಡಿಗೆ. 2025-26ರ ದರಪಟ್ಟಿಯಲ್ಲಿ ನಮ್ಮ ರಾಜ್ಯದ ಗೃಹಬಳಕೆಯ ವಿದ್ಯುತ್ ದರವೇ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ; ಸ್ಥಿರ ಶುಲ್ಕ ಮತ್ತಿತರ ಶುಲ್ಕಗಳು ಬೇರೆ. ನೆಟ್ ಮೀಟರ್ ಇದ್ದವರಿಗೆ ಹಗಲು ಕೊಟ್ಟ ಯೂನಿಟ್ಟನ್ನು ರಾತ್ರಿ ಮರಳಿ ಪಡೆಯಲು ಲೈನೇ ಸಾಕು. ಅದಕ್ಕೆ ಡಬ್ಬಿಯ ಬಾಡಿಗೆ ಇಲ್ಲ. ನೀವು ಕೊಳ್ಳುವ ಬ್ಯಾಟರಿಯ ಬೆಲೆ ಬೇರೆ ಇರಬಹುದು, ಆ ಸಂಖ್ಯೆ ಹಾಕಿ ನೀವೇ ಭಾಗಿಸಿ ನೋಡಿ.

ಹಾಗಾದರೆ ಬ್ಯಾಟರಿ ಬೇಡವೇ? ಬೇಡ ಎನ್ನುತ್ತಿಲ್ಲ. ಪ್ಯಾನೆಲ್ ಬಿಲ್ಲು ಇಳಿಸುತ್ತದೆ, ಬ್ಯಾಟರಿ ಕತ್ತಲೆ ಕಳೆಯುತ್ತದೆ. ಎರಡೂ ಬೇರೆ ಬೇರೆ ಸಾಮಾನು. ಒಂದರ ಲಾಭ ತೋರಿಸಿ ಇನ್ನೊಂದನ್ನು ಮಾರುವುದಕ್ಕೆ ನನ್ನ ತಕರಾರು. ಬ್ಯಾಟರಿಗೆ ಕೊಡುವ ಹಣವನ್ನು ಉಳಿತಾಯವೆಂದು ಬರೆಯಬೇಡಿ, ಖರ್ಚೆಂದು ಬರೆಯಿರಿ. ಆ ಖರ್ಚು ನಿಮ್ಮ ಮನೆಗೆ ಯೋಗ್ಯವೇ ಎನ್ನುವುದು ನಿಮ್ಮ ಬೀದಿಯಲ್ಲಿ ಕರೆಂಟು ಎಷ್ಟು ಹೊತ್ತು ಹೋಗುತ್ತದೆ, ಆ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ಏನು ನಿಲ್ಲುತ್ತದೆ ಎನ್ನುವುದರ ಮೇಲಿದೆ.

ಒಂದು ಕಹಿ ಮಾತನ್ನೂ ಹೇಳಿಬಿಡುತ್ತೇನೆ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ಲು ಪಡೆಯುತ್ತಿರುವ ಮನೆಗಳು ಈ ಸಭೆಯಲ್ಲಿ ಬಹಳ ಇವೆ. ತಿಂಗಳಿಗೆ 90, 100 ಯೂನಿಟ್ ಬಳಸಿ ಒಂದು ರೂಪಾಯಿಯೂ ಕಟ್ಟದ ಮನೆಗೆ ಪ್ಯಾನೆಲ್ ಹಾಕಿಸಿದರೆ ಉಳಿಸಲು ಬಿಲ್ಲೇ ಇಲ್ಲವಲ್ಲ! ಅಂಥ ಮನೆಗೆ ಬೇಕಾದದ್ದು ಕರೆಂಟು ಹೋದಾಗ ಒಂದಿಷ್ಟು ಬೆಳಕು, ಗಾಳಿ ಮಾತ್ರ. ಅದಕ್ಕೆ ಸಾದಾ ಇನ್ವರ್ಟರ್, ಒಂದು ಬ್ಯಾಟರಿ ಸಾಕು. ಮೊನ್ನೆ ಒಬ್ಬ ತಾಯಿ ತಂದ ಕೊಟೇಶನ್‌ನಲ್ಲಿ 5 ಕಿಲೋವ್ಯಾಟ್ ಹೈಬ್ರಿಡ್ ಎಂದಿತ್ತು. ಅವರ ಮನೆಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಮಗನ ಕಾಲೇಜಿಗೆಂದು ಇಟ್ಟ ಹಣ ಅದು. ಆ ಕಾಗದವನ್ನು ಮಡಚಿ ಅವರ ಕೈಗೆ ಕೊಟ್ಟು, ಈಗ ಬೇಡ ಎಂದು ಹೇಳಿದೆ.

ತಿಂಗಳಿಗೆ 250, 300 ಯೂನಿಟ್ ಬಳಸಿ ಪೂರ್ತಿ ಬಿಲ್ಲು ಕಟ್ಟುವ ಕೂಡು ಕುಟುಂಬಗಳ ಮಾತು ಬೇರೆ. ಅಲ್ಲಿ ಪ್ಯಾನೆಲ್ ನಿಜವಾಗಿಯೂ ಲಾಭ. ನಮ್ಮ ಬಯಲುಸೀಮೆಯ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 2 ಕಿಲೋವ್ಯಾಟ್ ಎಂದರೆ ತಿಂಗಳಿಗೆ ಸುಮಾರು 240 ಯೂನಿಟ್. ಬಿಸಿಲು ಹೆಚ್ಚಾದಷ್ಟೂ ಕರೆಂಟು ಹೆಚ್ಚು ಎಂದು ತಿಳಿಯಬೇಡಿ. ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು, ಶಾಖವಲ್ಲ. ಮೇ ತಿಂಗಳಲ್ಲಿ ನಮ್ಮಲ್ಲಿ ಪ್ಯಾನೆಲ್ ಮುಟ್ಟಿದರೆ ಕೈ ಸುಡುತ್ತದೆ. ಅಷ್ಟು ಕಾದಾಗ ಅದರ ಶಕ್ತಿ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ಕುಗ್ಗುತ್ತದೆ.

ಸಹಾಯಧನದ ವಿಷಯ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಆರಂಭಿಸಿದ ಪಿ.ಎಂ. ಸೂರ್ಯ ಘರ್ ಯೋಜನೆಯನ್ನು 2026-27ನೆಯ ಸಾಲಿನವರೆಗೆ ನಡೆಸುವುದೆಂದು ತೀರ್ಮಾನವಾಗಿದೆ. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಹೀಗೆ ಹೆಚ್ಚೆಂದರೆ 78,000 ರೂಪಾಯಿ. 3ರ ಮೇಲೆ ಎಷ್ಟು ಹಾಕಿಸಿದರೂ 78,000 ಮಾತ್ರ. ಈ ಹಣ ಲೈನಿಗೆ ಜೋಡಿಸಿದ ಪ್ಯಾನೆಲ್ ವ್ಯವಸ್ಥೆಗೆ. ಬ್ಯಾಟರಿಗೆ ಒಂದು ಪೈಸೆಯೂ ಇಲ್ಲ. ಪ್ಯಾನೆಲ್ ಮಾತ್ರವಲ್ಲ, ಅದರೊಳಗಿನ ಸೆಲ್ ಕೂಡ ಭಾರತದಲ್ಲಿ ತಯಾರಾಗಿರಬೇಕು. ನೋಂದಾಯಿತ ಮಾರಾಟಗಾರರಿಂದಲೇ ಕೊಳ್ಳಬೇಕು, ಅವರು 5 ವರ್ಷ ನಿರ್ವಹಣೆ ಮಾಡಿಕೊಡಬೇಕು. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಪ್ಯಾನೆಲ್ ಮೇಲಿನ ಜಿ.ಎಸ್.ಟಿ. 12ರಿಂದ 5ಕ್ಕೆ ಇಳಿದಿದೆ. ಹಳೆಯ ದರದ ಕೊಟೇಶನ್ ಇಟ್ಟುಕೊಂಡವರು ಹೊಸದು ಕೇಳಿ.

ಈ ಯೋಜನೆಯಲ್ಲಿ ನಮ್ಮ ಜನರು ಮುಗ್ಗರಿಸುವುದು ಹಣದಲ್ಲಿ ಅಲ್ಲ, ಕಾಗದದಲ್ಲಿ. ಅರ್ಜಿದಾರರ ಹೆಸರು ಮತ್ತು ಮೀಟರಿನ ಹೆಸರು ಒಂದೇ ಇರಬೇಕು. ಎಷ್ಟೋ ಮನೆಗಳಲ್ಲಿ ಆರ್.ಆರ್. ನಂಬರ್ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದೆ. ನಾಲ್ವರು ಅಣ್ಣತಮ್ಮಂದಿರು, ಮಾಳಿಗೆ ಯಾರದೆಂದು ತೀರ್ಮಾನವಾಗಿಲ್ಲ. ಆಧಾರ್‌ನಲ್ಲಿ ಒಂದು ಕಾಗುಣಿತ, ಬಿಲ್ಲಿನಲ್ಲಿ ಇನ್ನೊಂದು. ಉರ್ದು ಹೆಸರುಗಳನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆಯುವವರು ತಮಗೆ ತೋಚಿದಂತೆ ಬರೆಯುತ್ತಾರೆ. ಈ ಕಷ್ಟ ದಾಖಲಾತಿ ಪುಸ್ತಕ ಬರೆಯುವ ನನಗೆ ಚೆನ್ನಾಗಿ ಗೊತ್ತು. ಸೋಲಾರ್ ಅಂಗಡಿಗೆ ಹೋಗುವ ಮೊದಲು ಜೆಸ್ಕಾಂ ಕಚೇರಿಗೆ ಹೋಗಿ ಮೀಟರಿನ ಹೆಸರು ಸರಿ ಮಾಡಿಸಿಕೊಳ್ಳಿ.

ಈಗ ಮುಖ್ಯ ಕೆಲಸಕ್ಕೆ ಬರೋಣ. ಒಂದು ನೋಟ್‌ಬುಕ್ ತೆಗೆದುಕೊಂಡು ಒಂದು ತಿಂಗಳು ಕರೆಂಟು ಹೋದ ಹೊತ್ತು, ಬಂದ ಹೊತ್ತು ಬರೆಯಿರಿ. ಈ ಕೆಲಸವನ್ನು ಮನೆಯ ವಿದ್ಯಾರ್ಥಿಗೆ ಕೊಡಿ, ಅವನು ಅಥವಾ ಅವಳು ತಪ್ಪದೆ ಮಾಡುತ್ತಾರೆ. ಕಳೆದ ವರ್ಷ ನನ್ನ ತರಗತಿಯ ಮಕ್ಕಳಿಗೆ ಪ್ರಬಂಧದ ಬದಲು ಇದನ್ನೇ ಕೊಟ್ಟಿದ್ದೆ. "ದಿನಾ ಮೂರ್ನಾಲ್ಕು ತಾಸು ಹೋಗುತ್ತದೆ" ಎಂದು ಗೊಣಗುತ್ತಿದ್ದ ಮನೆಗಳ ಪುಸ್ತಕದಲ್ಲಿ ಹೆಚ್ಚಿನ ದಿನ ಅರ್ಧ ತಾಸಿಗಿಂತ ಹೆಚ್ಚು ಇರಲಿಲ್ಲ. ಮಳೆಗಾಳಿಯ ಒಂದೆರಡು ರಾತ್ರಿ ಮಾತ್ರ ನಾಲ್ಕೈದು ತಾಸು. ಆ ಒಂದೆರಡು ರಾತ್ರಿಯೇ ನಮ್ಮ ನೆನಪಿನಲ್ಲಿ ಉಳಿಯುತ್ತವೆ.

ಅದಾದ ಮೇಲೆ, ಕರೆಂಟು ಹೋದಾಗ ಯಾವುದು ನಡೆಯಲೇಬೇಕು ಎಂದು ಬರೆಯಿರಿ. ಒಂದು ಮನೆಯ ಉದಾಹರಣೆ: 9 ವ್ಯಾಟಿನ 4 ಎಲ್.ಇ.ಡಿ. ಬಲ್ಬು, 36 ವ್ಯಾಟ್. 75 ವ್ಯಾಟಿನ ಹಳೆಯ ಫ್ಯಾನು 3, ಅದು 225. ವೈಫೈ ಡಬ್ಬಿ 10. ಮಕ್ಕಳ ಓದಿಗೆ ಒಂದು ಲ್ಯಾಪ್‌ಟಾಪ್ 60. ಒಟ್ಟು 331 ವ್ಯಾಟ್. ನಾಲ್ಕು ತಾಸಿಗೆ 1,324 ವ್ಯಾಟ್ ಅವರ್. ದಾರಿಯಲ್ಲಿ ಸೋರಿಹೋಗುವುದನ್ನು ಸೇರಿಸಿದರೆ ಬ್ಯಾಟರಿಯಲ್ಲಿ ಸುಮಾರು 1,560 ಇರಬೇಕು.

ಈಗ ಅದೇ ಮನೆಯಲ್ಲಿ ಹಳೆಯ ಫ್ಯಾನು ಇಳಿಸಿ ಬಿ.ಎಲ್.ಡಿ.ಸಿ. ಫ್ಯಾನು ಹಾಕಿ. ಒಂದಕ್ಕೆ 30 ವ್ಯಾಟ್, ಮೂರಕ್ಕೆ 90. ಒಟ್ಟು 196 ವ್ಯಾಟ್. ನಾಲ್ಕು ತಾಸಿಗೆ 784, ಸೋರಿಕೆ ಸೇರಿ ಸುಮಾರು 920. ಬಹಳ ಮನೆಗಳಲ್ಲಿ ಇರುವ 12 ವೋಲ್ಟ್ 150 ಆಂಪಿಯರ್ ಅವರ್ ಟ್ಯೂಬುಲರ್ ಬ್ಯಾಟರಿಯಲ್ಲಿ 1,800 ವ್ಯಾಟ್ ಅವರ್ ಇರುತ್ತದೆ. ಬಾಳಿಕೆ ಬರಬೇಕಾದರೆ ಅರ್ಧ ಮಾತ್ರ ಬಳಸಬೇಕು, ಅಂದರೆ 900. ಮೊದಲಿನ ಮನೆಗೆ ಎರಡು ಬ್ಯಾಟರಿ ಬೇಕು, ಎರಡನೆಯ ಮನೆಗೆ ಒಂದು ಹೆಚ್ಚುಕಡಿಮೆ ಸಾಕು. ಬ್ಯಾಟರಿ ಕೊಳ್ಳುವ ಮೊದಲು ಫ್ಯಾನು ಬದಲಿಸಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಸೋಲಾರ್ ಮಾರುವವನು ಇದನ್ನು ಹೇಳುವುದಿಲ್ಲ, ಅವನು ಫ್ಯಾನು ಮಾರುವುದಿಲ್ಲ.

ಅದೇ ಎರಡನೆಯ ಮನೆಗೆ 5 ಯೂನಿಟ್ಟಿನ ಲಿಥಿಯಂ ಬ್ಯಾಟರಿ ಕೊಟ್ಟರೆ ಸುಮಾರು 18 ತಾಸು ನಡೆಯುತ್ತದೆ. ನಿಮ್ಮ ನೋಟ್‌ಬುಕ್ಕಿನಲ್ಲಿ 18 ತಾಸಿನ ಕತ್ತಲೆ ಇದೆಯೇ ನೋಡಿ.

ಗೀಜರ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ, ಎ.ಸಿ. ಇವನ್ನು ಬ್ಯಾಟರಿಯ ಮೇಲೆ ಹಾಕುವ ಯೋಚನೆಯನ್ನೇ ಬಿಡಿ. 2,000 ವ್ಯಾಟಿನ ಗೀಜರ್ ಒಂದು ತಾಸಿನಲ್ಲಿ ಕುಡಿಯುವಷ್ಟನ್ನು ಆ ಮನೆ ಹತ್ತು ತಾಸಿನಲ್ಲಿ ಬಳಸುತ್ತದೆ. ನೀರಿನ ಮೋಟಾರು ಶುರುವಾಗುವ ಕ್ಷಣದಲ್ಲಿ ತನ್ನ ಸಾಮಾನ್ಯ ಬಳಕೆಯ ಹಲವು ಪಟ್ಟು ಎಳೆಯುತ್ತದೆ, ಇನ್ವರ್ಟರ್ ಟ್ರಿಪ್ ಆಗುತ್ತದೆ. ಕರೆಂಟಿದ್ದಾಗ ಟ್ಯಾಂಕು ತುಂಬಿಸಿಕೊಳ್ಳುವುದು ಬ್ಯಾಟರಿಗಿಂತ ಅಗ್ಗ. ಫ್ರಿಜ್ ಬಾಗಿಲು ತೆಗೆಯದೆ ಇಟ್ಟರೆ ನಾಲ್ಕು ತಾಸು ತಂಪು ಹಿಡಿದಿಡುತ್ತದೆ.

ಬ್ಯಾಟರಿಯ ಜಾತಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೀಸದ ಟ್ಯೂಬುಲರ್ ಅಗ್ಗ, ಭಾರ, ಡಿಸ್ಟಿಲ್ಡ್ ನೀರು ಹಾಕುತ್ತಿರಬೇಕು, ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುವುದರಿಂದ ಗಾಳಿಯಾಡುವ ಜಾಗದಲ್ಲಿಡಬೇಕು, ಮಲಗುವ ಕೋಣೆಯಲ್ಲಿ ಬೇಡ. ಅದನ್ನು ಕೊಳ್ಳುವಾಗ ಸಿ10 ಎಂದಿದೆಯೇ, ಸಿ20 ಎಂದಿದೆಯೇ ನೋಡಿ. ಹತ್ತು ತಾಸಿನಲ್ಲಿ ಬರಿದು ಮಾಡಿ ಅಳೆದ 150 ಬೇರೆ, ಇಪ್ಪತ್ತು ತಾಸಿನಲ್ಲಿ ನಿಧಾನವಾಗಿ ಅಳೆದ 150 ಬೇರೆ. ಮೊದಲನೆಯದರಲ್ಲಿ ಮಾಲು ಹೆಚ್ಚು. ಲಿಥಿಯಂನಲ್ಲಿ ಮನೆಗೆ ಒಳ್ಳೆಯದು ಲಿಥಿಯಂ ಐರನ್ ಫಾಸ್ಫೇಟ್. ದುಬಾರಿ, ಆದರೆ ಟ್ಯೂಬುಲರ್‌ಗಿಂತ ಎರಡು ಮೂರು ಪಟ್ಟು ಹೆಚ್ಚು ಸಲ ತುಂಬಿ ಬರಿದು ಮಾಡಬಹುದು, ನೀರು ಬೇಕಿಲ್ಲ. ಅದು ನಿಮ್ಮ ಇನ್ವರ್ಟರ್ ಜೊತೆ ಹೊಂದುತ್ತದೆಯೇ ಎಂಬುದನ್ನು ಇನ್ವರ್ಟರ್ ಕಂಪನಿಯ ಪಟ್ಟಿಯಲ್ಲೇ ನೋಡಬೇಕು. ಹಳೆಯ ಬ್ಯಾಟರಿಯನ್ನು ಗುಜರಿಯವನಿಗೆ ಕೊಡಬೇಡಿ, ಅಂಗಡಿಗೇ ಹಿಂದಿರುಗಿಸಿ. ಸೀಸ ಕರಗಿಸುವ ಹೊಗೆ ಮೊದಲು ಮುಟ್ಟುವುದು ಅದೇ ಓಣಿಯ ಮಕ್ಕಳನ್ನು.

ಹೈಬ್ರಿಡ್ ಯಾರಿಗೆ ಬೇಕು ಎಂದು ಈಗ ಕೇಳಿ. ನನ್ನ ಅಭಿಪ್ರಾಯದಲ್ಲಿ, ಮನೆಯಲ್ಲಿ ಆಮ್ಲಜನಕ ಯಂತ್ರದ ಮೇಲಿರುವ ಹಿರಿಯರಿದ್ದರೆ ಚರ್ಚೆಯೇ ಬೇಡ. 5 ಲೀಟರಿನ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ, ಎಂಟು ತಾಸಿಗೆ 2.8 ಯೂನಿಟ್. ಅದಕ್ಕೆ ದೊಡ್ಡ ಬ್ಯಾಟರಿಯೇ ಬೇಕು. ಅದರ ಮೇಲೆ ಒಂದು ಸಿಲಿಂಡರ್ ಕೂಡ ಇಟ್ಟುಕೊಳ್ಳಬೇಕು, ಯಂತ್ರವನ್ನೇ ನಂಬಿ ಕೂರಬಾರದು. ಮನೆಯಲ್ಲೇ ಮೋಟಾರು ಹೊಲಿಗೆ ಯಂತ್ರ ಇಟ್ಟು ದುಡಿಯುವ ನಮ್ಮ ಅಕ್ಕತಂಗಿಯರಿಗೂ ಇದು ಒಪ್ಪುತ್ತದೆ. ಅವರ ದುಡಿಮೆ ಹಗಲಿನದು, ಬಿಸಿಲೂ ಹಗಲಿನದು. ಹಗಲು ಲೈನು ಹೋದರೂ ಯಂತ್ರ ನಿಲ್ಲದಿದ್ದರೆ ಹಬ್ಬದ ಮುಂಚಿನ ತಿಂಗಳಲ್ಲಿ ಆ ಗಂಟೆಗಳಿಗೆ ಬೆಲೆ ಉಂಟು. ಹಗಲಿನ ಕಡಿತ ಹೆಚ್ಚಿರುವ ಹಳ್ಳಿಗಳಲ್ಲಿ, ಬಿಲ್ಲೂ ದೊಡ್ಡದಿರುವ ಮನೆಗಳಲ್ಲಿ ಸಹ.

ಉಳಿದವರಿಗೆ, ಅಂದರೆ ಪೇಟೆಯಲ್ಲಿ ಬಿಲ್ಲು ಕಟ್ಟುವ, ಈಗಾಗಲೇ ಒಂದು ಇನ್ವರ್ಟರ್ ಬ್ಯಾಟರಿ ಇರುವ ಮನೆಗಳಿಗೆ ನಾನು ಹೇಳುವುದು: ಆನ್‌ಗ್ರಿಡ್ ಹಾಕಿಸಿ, ಹಳೆಯ ಇನ್ವರ್ಟರನ್ನು ಇದ್ದಲ್ಲಿಯೇ ಬಿಡಿ. ಕರೆಂಟು ಹೋದಾಗ ಸೋಲಾರ್ ನಿಲ್ಲುತ್ತದೆ, ಹಳೆಯ ಇನ್ವರ್ಟರ್ ಬಲ್ಬು ಫ್ಯಾನು ನಡೆಸುತ್ತದೆ. ಬೇಕಾದವರು ಈಗಲೇ ಬ್ಯಾಟರಿ ಜೋಡಿಸಲು ಬರುವ ಹೈಬ್ರಿಡ್ ಇನ್ವರ್ಟರ್ ಹಾಕಿಸಿ, ಬ್ಯಾಟರಿಯನ್ನು ಎರಡು ವರ್ಷದ ನಂತರ ಕೊಳ್ಳಬಹುದು. ಬಡ್ಡಿಯ ಸಾಲ ಬೇಡವೆನ್ನುವ ಕುಟುಂಬಗಳಿಗೆ ಈ ಎರಡು ಕಂತಿನ ದಾರಿ ಅನುಕೂಲ. ಆದರೆ ಬ್ಯಾಟರಿ ಇಲ್ಲದೆ ಆ ಇನ್ವರ್ಟರ್ ನಡೆಯುತ್ತದೆಯೇ ಎಂದು ಮೊದಲೇ ಕೇಳಿ, ಕೆಲವು ನಡೆಯುವುದಿಲ್ಲ.

ಹೈಬ್ರಿಡ್ ಹಾಕಿಸಿದವರು ಮರೆಯಬಾರದ ಎರಡು ಸಂಗತಿಗಳು. ಇನ್ವರ್ಟರಿನಿಂದ ಬ್ಯಾಕಪ್ ಎಂದು ಒಂದು ಬೇರೆ ತಂತಿ ಹೊರಡುತ್ತದೆ. ಯಾವ ಬಲ್ಬು, ಯಾವ ಫ್ಯಾನು, ಯಾವ ಪ್ಲಗ್ಗು ಅದರ ಮೇಲಿರಬೇಕೆಂದು ನೀವೇ ಹೇಳಿ ಬೇರೆ ಬೋರ್ಡು ಮಾಡಿಸಬೇಕು. ಸುಮ್ಮನಿದ್ದರೆ ಎಲೆಕ್ಟ್ರಿಷಿಯನ್ ತನಗೆ ಸಮೀಪದ ಕೋಣೆಗೆ ಕೊಟ್ಟು ಹೋಗುತ್ತಾನೆ. ಇನ್ನೊಂದು, ಈ ಇನ್ವರ್ಟರ್‌ಗಳು ಬಿಲ್ಲು ಉಳಿಸುವ ಕ್ರಮದಲ್ಲಿದ್ದರೆ ಸಂಜೆಯಿಂದಲೇ ಬ್ಯಾಟರಿ ಬಳಸಿ ಮಧ್ಯರಾತ್ರಿಗೆ ಬರಿದು ಮಾಡಿಡುತ್ತವೆ. ಬೆಳಗಿನ ಜಾವ ನಾಲ್ಕಕ್ಕೆ, ರಂಜಾನ್‌ನಲ್ಲಿ ಸೆಹರಿಯ ಹೊತ್ತಿಗೆ ಕರೆಂಟು ಹೋದರೆ ಡಬ್ಬಿ ಖಾಲಿ. ಲೈನು ಇರುವಾಗ ಇಂತಿಷ್ಟು ಪಾಲಿನ ಕೆಳಗೆ ಬ್ಯಾಟರಿ ಇಳಿಯಬಾರದು ಎಂಬ ಮಿತಿಯನ್ನು ಸೆಟ್ಟಿಂಗ್‌ನಲ್ಲಿ ಹಾಕಿಸಬಹುದು. ಅದನ್ನು ಹಾಕಿಸುವವನು ಹೋಗುವ ಮೊದಲೇ ಮಾಡಿಸಿಕೊಳ್ಳಿ.

ಮಾಳಿಗೆಯ ಮಾತು. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ, ನಮ್ಮ ಜಿಲ್ಲೆಯ ಅಕ್ಷಾಂಶಕ್ಕೆ 15ರಿಂದ 17 ಡಿಗ್ರಿ ಓರೆ ಸಾಕು. ನೀರಿನ ಟ್ಯಾಂಕಿನ ನೆರಳು ಒಂದು ಪ್ಯಾನೆಲ್ಲಿನ ಮೂಲೆಗೆ ಬಿದ್ದರೂ ಅದರ ಜೊತೆ ಸರಣಿಯಲ್ಲಿರುವ ಎಲ್ಲವೂ ಕುಗ್ಗಬಹುದು; ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ, ಸಂಜೆ ನಾಲ್ಕು, ಮೂರು ಹೊತ್ತೂ ಮಾಳಿಗೆ ಹತ್ತಿ ನೆರಳು ನೋಡಿ. ಹಳೆಯ ಮನೆಗಳಲ್ಲಿ ಶಹಾಬಾದ್ ಕಲ್ಲಿನ ಮಾಳಿಗೆ ಇದ್ದರೆ ಬೋಲ್ಟು ಹೊಡೆಸಬೇಡಿ, ಕಲ್ಲು ಸೀಳುತ್ತದೆ. ಗೋಡೆಯ ಮೇಲೆ ಭಾರ ಬೀಳುವಂತೆ ಕಟ್ಟಿಸಬೇಕು, ಇಂಜಿನಿಯರ್‌ಗೆ ತೋರಿಸಿ. ಮುಂಗಾರಿನ ಮುಂಚಿನ ಬಿರುಗಾಳಿ ತಗಡುಗಳನ್ನು ಹೇಗೆ ಹಾರಿಸುತ್ತದೆಂದು ನಿಮಗೆ ಗೊತ್ತು. ಮಿಂಚುವಾಹಕ ಮತ್ತು ಅರ್ಥಿಂಗ್ ಗುಂಡಿಗಳಲ್ಲಿ ಉಳಿತಾಯ ಮಾಡಬೇಡಿ. ಸಂಡಿಗೆ, ಮೆಣಸಿನಕಾಯಿ ಒಣಹಾಕಲು ಮಾಳಿಗೆಗೆ ಹೋಗುವವರು, ಪಟ ಹಾರಿಸುವ ಮಕ್ಕಳು ಒಂದು ತಿಳಿದಿರಲಿ: ಮನೆಯ ಮೇನ್ ಸ್ವಿಚ್ ತೆಗೆದರೂ ಹಗಲಿನಲ್ಲಿ ಪ್ಯಾನೆಲ್ ತಂತಿಗಳಲ್ಲಿ ಕರೆಂಟು ಇದ್ದೇ ಇರುತ್ತದೆ. ಆರು ಪ್ಯಾನೆಲ್ ಸಾಲಾಗಿ ಕೂಡಿದರೆ 250 ವೋಲ್ಟ್ ಸಮೀಪ. ಧೂಳು ತೊಳೆಯುವುದು ಬೆಳಗಿನ ತಂಪಿನಲ್ಲಿ. ಕಾದ ಗಾಜಿನ ಮೇಲೆ ಮಧ್ಯಾಹ್ನ ತಣ್ಣೀರು ಸುರಿಯಬೇಡಿ.

ಸಮಯ ಮೀರುತ್ತಿದೆಯೆಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಕೊಟೇಶನ್ ತೋರಿಸಬೇಕೆನ್ನುವವರು ಶನಿವಾರ ಶಾಲೆ ಬಿಟ್ಟ ಮೇಲೆ ಬನ್ನಿ, ಸ್ಟಾಫ್ ರೂಮಿನಲ್ಲಿ ಇರುತ್ತೇನೆ. ಬರುವಾಗ ಹನ್ನೆರಡು ತಿಂಗಳ ಕರೆಂಟು ಬಿಲ್ಲು ಮತ್ತು ಮಕ್ಕಳು ಬರೆದ ಕತ್ತಲೆಯ ನೋಟ್‌ಬುಕ್ ಜೊತೆಗೆ ತನ್ನಿ. ಅವೆರಡೂ ಇಲ್ಲದೆ ಬರೀ ಕೊಟೇಶನ್ ತಂದರೆ ನಾನು ಓದಿ ಹೇಳಬಲ್ಲೆ, ಆದರೆ ಕೊಳ್ಳಬೇಕೋ ಬೇಡವೋ ಎಂದು ಹೇಳಲಾರೆ.